ಮುಖಪುಟದಲ್ಲಿಲ್ಲದ ಹೆಸರು

ಪಿಎಚ್‌ಡಿ ಪ್ರಬಂಧದ ಕೃತಜ್ಞತೆಯ ಪುಟ ಬರೆಯಲು ಕೂತಾಗ ‘ಗೆಟ್ಜ್/ಜಿಲ್ಬರ್ಟೊ’ ಕೇಳುತ್ತಿದ್ದೆ. 1963ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಧ್ವನಿಮುದ್ರಣಗೊಂಡ ಆಲ್ಬಂ. ಸಾಂಬಾದ ಲಯವನ್ನು ಪಿಸುಮಾತಿನಷ್ಟು ಮೆತ್ತಗಾಗಿಸಿದ ಬ್ರೆಜಿಲ್‌ನ ಬೊಸಾ ನೋವಾ ಇಲ್ಲಿ ಅಮೆರಿಕದ ಜಾಝ್ ಜೊತೆ ಕೂಡಿತು: ಸ್ಟ್ಯಾನ್ ಗೆಟ್ಜ್ ಅವರ ಸ್ಯಾಕ್ಸೊಫೋನ್, ಜೊವಾವ್ ಜಿಲ್ಬರ್ಟೊ ಅವರ ಗಿಟಾರ್ ಮತ್ತು ಹಾಡು, ಆಂಟೊನಿಯೊ ಕಾರ್ಲೋಸ್ ಜೊಬಿಂ ಅವರ ಪಿಯಾನೊ.

ಆದರೆ ‘ದಿ ಗರ್ಲ್ ಫ್ರಮ್ ಇಪನೇಮಾ’ದ ಇಂಗ್ಲಿಷ್ ಸಾಲುಗಳನ್ನು ಹಾಡಿದ್ದು ಜೊವಾವ್ ಅವರ ಪತ್ನಿ, 22 ವರ್ಷದ ಆಸ್ಟ್ರುಡ್. 1964ರಲ್ಲಿ ಆಲ್ಬಂ ಬಂದಾಗ ಮುಖಪುಟದಲ್ಲಿ ಮೂವರು ಗಂಡಸರ ಹೆಸರಿತ್ತು, ಆಕೆಯದಿರಲಿಲ್ಲ. ಅದೇ ಹಾಡು ಸಿಂಗಲ್ ಆಗಿ ಬಂದಾಗ ಆಕೆಯ ಹೆಸರು ಬಂತು. ಜೊವಾವ್ ಪೋರ್ಚುಗೀಸಿನಲ್ಲಿ ಹಾಡಿದ ಭಾಗಕ್ಕೇ ಕತ್ತರಿ ಬಿತ್ತು. 1965ರಲ್ಲಿ ಆಲ್ಬಂಗೂ ಹಾಡಿಗೂ ಗ್ರ್ಯಾಮಿ ಬಂತು.

ಒಂದರಲ್ಲಿ ದನಿಯಿದೆ, ಹೆಸರಿಲ್ಲ. ಇನ್ನೊಂದರಲ್ಲಿ ಹೆಸರಿದೆ, ಇನ್ನೊಬ್ಬರ ದನಿಯಿಲ್ಲ. ಎರಡೂ ಕೇಳಲು ಚೆನ್ನಾಗಿಯೇ ಇವೆ. ನನ್ನನ್ನು ಕಾಡುವುದು ಅದೇ. ಅನ್ಯಾಯವಾಗಿದ್ದರೆ ಕೃತಿಯಲ್ಲೇ ಎಲ್ಲೋ ಅಪಸ್ವರ ಕೇಳಬೇಕು ಎಂದುಕೊಂಡಿದ್ದೆ. ಕೇಳುವುದಿಲ್ಲ. ಹಾಡಿನ ಚೆಲುವು ತನ್ನ ಋಣವನ್ನು ತಾನೇ ಹೇಳುವುದಿಲ್ಲ. ಕೇಳುವವರೇ ವಿಚಾರಿಸಿ ತಿಳಿಯಬೇಕು, ಮಾಡುವವರು ಮೊದಲೇ ಬರೆದಿಡಬೇಕು.

ನನ್ನ ಸಂದರ್ಶನಗಳನ್ನು ಕೇಳಿ ಬರಹಕ್ಕಿಳಿಸಿದ್ದು ನನ್ನ ವಿಭಾಗದ ಎಂ.ಎ. ವಿದ್ಯಾರ್ಥಿನಿ. ಮಾತಾಡುವವರು ಎಲ್ಲೆಲ್ಲಿ ತಡೆದರು, ಎಷ್ಟು ಹೊತ್ತು ಸುಮ್ಮನಾದರು ಎಂಬುದನ್ನೂ ಗುರುತಿಸಿದ್ದಳು. ನನ್ನ ಮೂರನೆಯ ಅಧ್ಯಾಯ ನಿಂತಿರುವುದೇ ಆ ಮೌನಗಳ ಮೇಲೆ. ನಾನೋ, ಅವಳನ್ನು ‘ನೆರವಾದ ಎಲ್ಲರಿಗೂ’ ಎಂಬಲ್ಲಿ ಸೇರಿಸಿ ಮುಗಿಸಿದ್ದೆ.

ನಿನ್ನೆ ಆ ಸಾಲನ್ನು ಅಳಿಸಿದೆ. ಅವಳ ಹೆಸರನ್ನೂ ಕೆಲಸವನ್ನೂ ಅಧ್ಯಾಯದ ಆರಂಭದಲ್ಲೇ ಬರೆದೆ. ಅಧ್ಯಾಯದಲ್ಲಿ ಬೇರೇನೂ ಬದಲಾಗಿಲ್ಲ.