ದುರ್ಯೋಧನನ ಧೈರ್ಯ ಯಾರದು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಪೌರಾಣಿಕ ನಾಟಕ ಆಡುವವರು ಹೆಚ್ಚಾಗಿ ರೈತರು, ಅಂಗಡಿಯವರು. ನಡುವಯಸ್ಸಿನಲ್ಲಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಪದ್ಯ, ಮಾತು, ನಡಿಗೆ ಕಲಿಯುತ್ತಾರೆ. ಪಾತ್ರಕ್ಕೆ ಕೈಯಿಂದಲೇ ಹಣ ಹಾಕುತ್ತಾರೆ.

ನಾಲ್ಕು ಜನರೆದುರು ಬಾಯಿ ಬಿಡದವನು ದುರ್ಯೋಧನನಾಗಿ ಗದೆಯನ್ನು ಹೆಗಲಿಗೇರಿಸಿ, ಎದೆಯುಬ್ಬಿಸಿ, ಪದ್ಯದ ಕೊನೆಯ ಸ್ವರವನ್ನು ಉಸಿರಿರುವವರೆಗೂ ಎಳೆಯುತ್ತಾನೆ. ಆ ಧೈರ್ಯ ಅವನದೋ, ಪಾತ್ರದ್ದೋ?

ಭರತನ ನಾಟ್ಯಶಾಸ್ತ್ರ ಆಂಗಿಕ (ದೇಹ), ವಾಚಿಕ (ಮಾತು), ಆಹಾರ್ಯ (ವೇಷ) ಅಭಿನಯಗಳ ಜೊತೆಗೆ ಸಾತ್ತ್ವಿಕಾಭಿನಯವನ್ನೂ ಹೇಳುತ್ತದೆ. ಅದರಲ್ಲಿ ಕಣ್ಣೀರು, ರೋಮಾಂಚ ಹುಟ್ಟಲು ಮನಸ್ಸು ಒಂದೆಡೆ ನಿಲ್ಲಬೇಕು. ಅಂದರೆ ನಟನೆ ಬರೀ ಸೋಗಲ್ಲ. 18ನೇ ಶತಮಾನದ ಫ್ರಾನ್ಸಿನ ಚಿಂತಕ ದಿದರೋ ಇದನ್ನು ಒಪ್ಪುತ್ತಿರಲಿಲ್ಲ. ಒಳಗೆ ತಣ್ಣಗಿರುವವನೇ ದೊಡ್ಡ ನಟ ಎಂಬುದು ಅವನ ವಾದ. ರಾತ್ರಿಯಿಡೀ ನಡೆಯುವ ಈ ನಾಟಕ ಕಂಡವರಿಗೆ ಭರತನೇ ಹತ್ತಿರವಾಗುತ್ತಾನೆ: ಎರವಲು ಮಾತು ಹೇಳುತ್ತಲೇ ದನಿ ನಟನದೇ ಆಗುತ್ತದೆ.

ಆದರೆ ಈ ಧೈರ್ಯ ಊರಿನ ಗಂಡಸರಿಗಷ್ಟೇ ಸಿಗುತ್ತಿದೆ: ದ್ರೌಪದಿ, ರುಕ್ಮಿಣಿಯರ ಪಾತ್ರಕ್ಕೆ ಬಹುತೇಕ ಕಡೆ ಹೊರಗಿನ ವೃತ್ತಿ ಕಲಾವಿದೆಯರೇ ಬರುತ್ತಾರೆ. ಊರಿನ ಹೆಂಗಸರಿಗೂ ಆ ಹಾರ್ಮೋನಿಯಂ ಮುಂದೆ ಜಾಗ ಬೇಕು.