ಪರರ ಗೋರಿ, ನಮ್ಮ ಋಣ

ಭಾನುವಾರ ಬೆಳಗ್ಗೆ ಆರು ಗಂಟೆಗೆ ಸ್ಮಶಾನಕ್ಕೆ ಹೊರಟ ನನ್ನನ್ನು ಮನೆಯಾಕೆ ಗಾಬರಿಯಿಂದ ಕೇಳಿದಳು: "ಯಾರು ಹೋದರು?" "ಹೋದವರು ನೂರು ವರ್ಷದ ಹಿಂದೆಯೇ ಹೋಗಿದ್ದಾರೆ, ಫೋಟೋ ತೆಗೆಯುವುದಷ್ಟೇ ಬಾಕಿ" ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ.

ನಮ್ಮ ಕಚೇರಿಯಿಂದ ನಿವೃತ್ತರಾದ ಮಿತ್ರರೊಬ್ಬರಿಗೆ ಇದೊಂದು ವ್ರತ. ಸೈನಿಕರ ಗೋರಿಗಳ ಚಿತ್ರ ತೆಗೆದು, ದೂರದೇಶದಲ್ಲಿರುವ ಅವರ ವಂಶಸ್ಥರಿಗೆ ಒದಗಿಸುವ ಸ್ವಯಂಸೇವಕರು ಜಗತ್ತಿನಾದ್ಯಂತ ಇದ್ದಾರೆ. ಇವರೂ ಅವರಲ್ಲೊಬ್ಬರು. ಹಿಮಾಯತ್‌ನಗರದಿಂದ ಸಿಕಂದರಾಬಾದಿನ ದಂಡುಪ್ರದೇಶಕ್ಕೆ ಅವರ ಸ್ಕೂಟರಿನ ಹಿಂದೆ ಕುಳಿತು ಹೋದೆ. ಕನ್ನಡಿ ಹಿಡಿಯುವುದು ನನ್ನ ಕೆಲಸ. ಮಾಸಿದ ಅಕ್ಷರಗಳ ಮೇಲೆ ಬೆಳಕನ್ನು ಓರೆಯಾಗಿ ಬೀಳಿಸಿದರೆ ನೆರಳು ಹುಟ್ಟಿ ಹೆಸರು ಎದ್ದು ಕಾಣುತ್ತದೆ. ಬಿ.ಎಸ್ಸಿ.ಯಲ್ಲಿ ಓದಿದ್ದು ಇಷ್ಟು ವರ್ಷಗಳ ಮೇಲೆ ಉಪಯೋಗಕ್ಕೆ ಬಂತು! ಸೀಮೆಸುಣ್ಣ ಉಜ್ಜಿದರೆ ಸುಲಭವಾಗಿ ಓದಬಹುದು, ಆದರೆ ಕಲ್ಲು ಸವೆಯುತ್ತದೆ. ಆದ್ದರಿಂದ ಮಿತ್ರರು ಅದನ್ನು ಮುಟ್ಟಗೊಡುವುದಿಲ್ಲ.

ಒಂದು ಕಲ್ಲಿನ ಮೇಲೆ ವಯಸ್ಸು 22, ಕಾರಣ ಜ್ವರ ಎಂದಿತ್ತು. ಆ ಕಾಲದಲ್ಲಿ ಸೈನಿಕರನ್ನು ಗುಂಡಿಗಿಂತ ಜ್ವರ, ಕಾಲರಾಗಳೇ ಹೆಚ್ಚಾಗಿ ಕೊಂದವು. ಮಲೇರಿಯಾ ಜೀವಾಣುವನ್ನು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದೂ ಇದೇ ಸಿಕಂದರಾಬಾದಿನಲ್ಲಿ, 1897ರಲ್ಲಿ. ಸತ್ತ ಹುಡುಗ ನನ್ನ ಹಿರಿಯ ಮಗನಿಗಿಂತ ಎರಡೇ ವರ್ಷ ದೊಡ್ಡವನು.

ಆ ಮಗನೇ ರಾತ್ರಿ ಊಟದ ಹೊತ್ತಿನಲ್ಲಿ ಕೇಳಿದ: "ಅವರು ನಮ್ಮನ್ನು ಆಳಲು ಬಂದವರಲ್ಲವೇ ಅಪ್ಪ? ಅವರ ಗೋರಿಯ ಚಾಕರಿ ನಿಮಗೇಕೆ?"

ಪ್ರಶ್ನೆ ಸುಲಭದ್ದಲ್ಲ. ನಮ್ಮ ಮುತ್ತಜ್ಜನ ತಮ್ಮನೊಬ್ಬ ಮೊದಲನೆಯ ಮಹಾಯುದ್ಧದಲ್ಲಿ ಹೇಸರಗತ್ತೆಯ ಗಾಡಿ ಹೊಡೆಯಲು ಹೋಗಿ ಹಿಂದಿರುಗಲಿಲ್ಲ. ಮನೆಯಲ್ಲಿ ಉಳಿದಿರುವುದು "ಬಸ್ರಾ" ಎಂಬ ಒಂದೇ ಮಾತು. ಸತ್ತವರಲ್ಲಿ ದರ್ಜೆ, ಜನಾಂಗ, ಮತಗಳ ಭೇದವಿಲ್ಲವೆಂಬುದು 1917ರಲ್ಲಿ ಹುಟ್ಟಿದ ಬ್ರಿಟಿಷ್ ಯುದ್ಧಸಮಾಧಿ ಆಯೋಗದ ತತ್ವ. ಆದರೆ ಬಸ್ರಾದ ಸ್ಮಾರಕದಲ್ಲಿ ಬ್ರಿಟಿಷರ ಹೆಸರುಗಳನ್ನು ಕೆತ್ತಿ, ಭಾರತದ ಸಾಮಾನ್ಯ ಸಿಪಾಯಿಗಳನ್ನು ಅವರವರ ಪಡೆಯ ಕೆಳಗೆ ಬರಿಯ ಸಂಖ್ಯೆಯಾಗಿ ನಮೂದಿಸಿದರು. ಕನಿಷ್ಠ 1,16,000 ಮಂದಿ, ಹೆಚ್ಚಾಗಿ ಆಫ್ರಿಕಾದವರು, ಎಲ್ಲಿಯೂ ಹೆಸರು ಪಡೆಯಲಿಲ್ಲವೆಂದು ಆಯೋಗವೇ ನೇಮಿಸಿದ ಸಮಿತಿ 2021ರಲ್ಲಿ ವರದಿ ಮಾಡಿತು. ಆಯೋಗ ಕ್ಷಮೆ ಕೇಳಿತು.

ಇದನ್ನು ಓದಿದಾಗ ನನಗೂ ಸಿಟ್ಟು ಬಂದಿತ್ತು. ಕನ್ನಡಿ ಕೆಳಗಿಟ್ಟುಬಿಡೋಣ ಎನ್ನಿಸಿತ್ತು. ಆದರೆ ಯೋಚಿಸಿ ನೋಡಿ: ನಮ್ಮವನಿಗೆ ಆದ ಅನ್ಯಾಯವಾದರೂ ಯಾವುದು? ಸತ್ತವನು ಯಾರ ಕಡೆಯವನು ಎಂದು ನೋಡಿ, ಅವನ ಸಾವಿಗೆ ಬೆಲೆ ಕಟ್ಟಿದ್ದು. ಈಗ ನಾನೂ ಅದೇ ತಕ್ಕಡಿ ಹಿಡಿದರೆ ದೂರುವ ಬಾಯಿ ನನಗೆಲ್ಲಿಂದ ಬರಬೇಕು? ಗೋರಿಯ ಚಿತ್ರ ತೆಗೆಯುವುದು ಸಾಮ್ರಾಜ್ಯಕ್ಕೆ ಸಲಾಮು ಹೊಡೆದಂತಲ್ಲ. ಇಂಥವನೊಬ್ಬ ಇದ್ದ ಎಂದು ಸಾಕ್ಷಿ ಹೇಳಿದಂತೆ, ಅಷ್ಟೆ.

ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. ಮಹಾಲಯದಲ್ಲಿ ದಿಕ್ಕಿಲ್ಲದೆ ಸತ್ತವರಿಗೂ ಎಳ್ಳುನೀರು ಬಿಡುತ್ತೇವೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ಹೆಸರನ್ನು ಹತ್ತನೆಯ ಶತಮಾನದ ಆತಕೂರಿನ ಶಾಸನ ಇಂದಿಗೂ ಹೇಳುತ್ತಿದೆ. ನಾಯಿಗೆ ದೊರೆತ ನ್ಯಾಯ ಮನುಷ್ಯನಿಗೆ ಬೇಡವೇ?

ಮಗನಿಗೆ ಪೂರ್ತಿ ಒಪ್ಪಿಗೆಯಾಯಿತೆಂದು ಹೇಳಲಾರೆ. ಆದರೆ ಮರುದಿನ ಸಂಜೆ ಅವನೇ ಊರಿಗೆ ಫೋನು ಮಾಡಿ, ಬಸ್ರಾಕ್ಕೆ ಹೋದವನ ಹೆಸರೇನೆಂದು ಅಜ್ಜಿಯನ್ನು ಕೇಳಿದ. ಅಜ್ಜಿಗೆ ನೆನಪಾಗಲಿಲ್ಲ. ಹಳೆಯ ಟ್ರಂಕಿನ ಕಾಗದಗಳನ್ನು ಹುಡುಕಿಸುತ್ತೇನೆ ಎಂದಿದ್ದಾರೆ.

ನಿಮ್ಮ ಊರಿನ ಮನೆಗಳಲ್ಲೂ ಅಂಥ ಟ್ರಂಕುಗಳಿರಬಹುದು. ಮುಂದಿನ ರಜೆಗೆ ಹೋದಾಗ, ಹೇಳುವವರು ಇರುವಾಗಲೇ, ಒಮ್ಮೆ ತೆರೆಸಿ ನೋಡಿ.