ಗಿಡದ ಕೆಳಗೆ ಮಲಗಿದ ಪ್ರವಾದಿ

ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯದಲ್ಲಿ ಎಲೀಯನು ಅರಣ್ಯಕ್ಕೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು, ತನಗೆ ಮರಣವನ್ನು ಬೇಡಿಕೊಂಡ ವೃತ್ತಾಂತವನ್ನು ನಾವು ಓದುತ್ತೇವೆ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ಧೈರ್ಯದಿಂದ ನಿಂತ ಪ್ರವಾದಿಯೇ ಆತನು. ಆಗ ಬಂದ ದೇವದೂತನು ಆತನನ್ನು ಗದರಿಸಲಿಲ್ಲ, ಅವಿಶ್ವಾಸಿ ಎನ್ನಲಿಲ್ಲ. ಮುಟ್ಟಿ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ತೋರಿಸಿದನು. ಆತನು ತಿಂದು ತಿರಿಗಿ ಮಲಗಿದಾಗ ಎರಡನೆಯ ಸಾರಿಯೂ ಹಾಗೆಯೇ ಮಾಡಿದನು.

ನಮ್ಮ ಸಭೆಗಳಲ್ಲಾದರೋ ಒಬ್ಬನು ಮಂಕಾಗಿ ಕೂತರೆ ಅವನ ಪಾಪವನ್ನು ಹುಡುಕುವವರು ಅನೇಕರು, ದೆವ್ವವನ್ನು ಹುಡುಕುವವರು ಕೆಲವರು; ಊಟವಾಯಿತೋ, ನಿದ್ರೆ ಬಂತೋ ಎಂದು ಕೇಳುವವರು ವಿರಳ. ಚಳಿಜ್ವರಕ್ಕೆ ಆಸ್ಪತ್ರೆಗೆ ಹೋದವನನ್ನು ನಾವು ಅಲ್ಪವಿಶ್ವಾಸಿ ಎನ್ನುವದಿಲ್ಲ. ಪೌಲನಿಗೆ ಪ್ರಿಯನಾಗಿದ್ದ ಲೂಕನು ವೈದ್ಯನಲ್ಲವೇ? ಹಾಗಾದರೆ ಮನಸ್ಸಿನ ರೋಗಕ್ಕೆ ಮಾತ್ರ ನಾಚಿಕೆ ಯಾಕೆ?

ದುಃಖವೆಲ್ಲಾ ರೋಗವಲ್ಲ. ಸತ್ತವರನ್ನು ಹೂಣಿಟ್ಟು ಬಂದ ಮನೆಯಲ್ಲಿ ಅಳುವದು ಸಹಜವೇ. ಆದರೆ ಎರಡು ವಾರ ಕಳೆದರೂ ಮಂಕು ದಿನದ ಹೆಚ್ಚಿನ ಹೊತ್ತು ಕವಿದಿದ್ದು, ಊಟ ನಿದ್ರೆ ಕೆಟ್ಟು, ಹೊಲಮನೆಯ ಕೆಲಸ ನಿಂತುಹೋದರೆ, ಇಲ್ಲವೆ ಬಾಣಂತಿಯು ಮಗುವನ್ನು ಎತ್ತಿಕೊಳ್ಳಲು ಮನಸ್ಸಿಲ್ಲದೆ ಗೋಡೆ ನೋಡುತ್ತಾ ಕೂತರೆ, ತಿಳಿದ ವೈದ್ಯರ ಬಳಿಗೆ ಹೋಗತಕ್ಕ ಕಾಲ ಬಂತೆಂದು ನಾವು ಅರಿಯಬೇಕು. ಯಾರೂ ಮಾತಾಡದಿರುವಾಗ ಧ್ವನಿ ಕೇಳಿಸುತ್ತದೆ ಎನ್ನುವವರ ವಿಷಯದಲ್ಲಿ ತಡವೇ ಸಲ್ಲದು. ಸಾಯುವ ಮಾತು ಬಾಯಿಗೆ ಬಂದರಂತೂ ಆ ದಿನವೇ ಹೊರಡಬೇಕು. ಅಂಥವರನ್ನು ಒಂಟಿಯಾಗಿ ಬಿಡಬಾರದು. ಬೆಳೆಗೆ ಹೊಡೆಯುವ ಔಷಧವನ್ನು ಮನೆಯಿಂದ ತೆಗೆದು ಬೇರೆಯವರ ಬೀಗದೊಳಗೆ ಇಡಿಸಬೇಕು. ಸಾಯುವ ಯೋಚನೆ ಉಂಟೋ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟೀತೆಂದು ಕೆಲವರು ಅಂಜುತ್ತಾರೆ. ಹಾಗಾಗುವದಿಲ್ಲ; ಪ್ರೀತಿಯಿಂದ ಕೇಳಿರಿ.

ದೂರದ ಪಟ್ಟಣಕ್ಕೇ ಹೋಗಬೇಕೆಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಈ ಚಿಕಿತ್ಸೆಯನ್ನು ಕಲಿಸಿ ತೋರಿಸಿದರು. ಆ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ಆದದರಿಂದ ಮೊದಲು ತಾಲೂಕು ಇಲ್ಲವೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. 2022ರಲ್ಲಿ ಪ್ರಾರಂಭವಾದ ಟೆಲಿ-ಮಾನಸ್‌ನ 14416 ಎಂಬ ಸಂಖ್ಯೆಗೆ ಹಗಲಿರುಳೂ ದುಡ್ಡಿಲ್ಲದೆ ಫೋನು ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಉಪದೇಶಿಗಳಾದವರಿಗೆ ಒಂದು ಬಿನ್ನಹ. ಪ್ರಾರ್ಥನೆ ಮಾಡಿರಿ, ಮಾಡಿ ಆಸ್ಪತ್ರೆಯ ತನಕ ಜೊತೆಯಲ್ಲಿ ಹೋಗಿರಿ. ಮಂಕಿಗೆ ಕೊಡುವ ಗುಳಿಗೆಗಳ ಗುಣ ತಿಳಿಯಲು ಕೆಲವು ವಾರ ಹಿಡಿಯುತ್ತದೆ. ಅಷ್ಟರೊಳಗೆ ವಿಶ್ವಾಸವಿದ್ದರೆ ಗುಳಿಗೆ ಬೇಡವೆಂದು ಯಾರಾದರೂ ಹೇಳಿದರೆ ತಡೆಯಿರಿ. ಗುಣವಾಯಿತೆಂದು ರೋಗಿಯೇ ನಿಲ್ಲಿಸಹೊರಟರೆ, ಮೊದಲು ವೈದ್ಯರನ್ನು ಕೇಳೋಣವೆಂದು ಹೇಳಿ ತಿರಿಗಿ ಕರಕೊಂಡು ಹೋಗಿರಿ.